ಸಣ್ಣ ಚಕ್ರದ ಲೆಕ್ಕ

ಡಿಸೆಂಬರ್ ರಜೆಗೆ ಮನೆಮಂದಿಯೆಲ್ಲ ಸೈಕಲ್ ತುಳಿಯಲು ಎಲ್ಲಿಗೆ ಹೋಗಬೇಕು ಎಂದು ತೀರ್ಮಾನಿಸುವವರು ಸಾಮಾನ್ಯವಾಗಿ ಮನೆಯ ಅತ್ಯಂತ ಗಟ್ಟಿ ಸವಾರರು. ಗೇರ್ ಸೈಕಲ್ ಇರುವುದು ಅವರಿಗೇ, ಭಾನುವಾರ ನಂದಿಬೆಟ್ಟ ಹತ್ತಿ ಬರುವವರೂ ಅವರೇ. ಮಂಜು ಕವಿದ ಬೆಟ್ಟ, ಕಾಡಿನ ಕಿರುದಾರಿ, ಎದೆ ಝಲ್ಲೆನ್ನಿಸುವ ಇಳಿಜಾರು ಇವೆಲ್ಲ ಅವರ ಮೊಬೈಲಿನಲ್ಲಿ ಮೊದಲೇ ಬಂದು ಕೂತಿರುತ್ತವೆ. ಎಂಟು ವರ್ಷದ ಮಗಳ ಸೈಕಲ್ಲಿಗೆ ಗೇರೇ ಇಲ್ಲ ಎಂಬುದು ನೆನಪಾಗುವುದು ಲಗೇಜು ಕಟ್ಟುವಾಗ. ಜಾಗ ಗೊತ್ತುಮಾಡಬೇಕಾದದ್ದು ಆ ಇಪ್ಪತ್ತು ಇಂಚಿನ ಚಕ್ರವನ್ನು ನೋಡಿ ಎಂಬುದು ನನ್ನ ವಾದ. ಎಲ್ಲಿಯವರೆಗೆ ಹೋಗಬಹುದು ಎಂದು ಕೇಳುವ ಮೊದಲು, ಎಲ್ಲೆಲ್ಲಿ ‘ಇನ್ನು ಸಾಕು’ ಎಂದು ನಿಲ್ಲಬಹುದು ಎಂದು ಕೇಳಬೇಕು.

ಗಟ್ಟಿಗರ ತಪ್ಪೂ ಪೂರ್ತಿ ಇಲ್ಲ. ಮಣ್ಣಿನ ದಾರಿಯಲ್ಲಿ ಸೈಕಲ್ ತುಳಿಯುವ ಈ ಆಟ ಹುಟ್ಟಿದ್ದೇ ದುಸ್ಸಾಹಸದಲ್ಲಿ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಬೆಟ್ಟದಲ್ಲಿ ಶುರುವಾದ ‘ರಿಪ್ಯಾಕ್’ ಸ್ಪರ್ಧೆಯಲ್ಲಿ ಹುಡುಗರು ದಪ್ಪ ಟೈರಿನ ಹಳೇ ಸೈಕಲ್ಲುಗಳನ್ನು ಟ್ರಕ್ಕಿನಲ್ಲಿ ಮೇಲಕ್ಕೆ ಸಾಗಿಸಿ ಮಣ್ಣಿನ ಇಳಿಜಾರಿನಲ್ಲಿ ಧುಮುಕುತ್ತಿದ್ದರು. ಕೆಳಗೆ ಬರುವಷ್ಟರಲ್ಲಿ ಹಿಂದಿನ ಹಬ್ಬಿನ ಬ್ರೇಕು ಕಾಯ್ದು ಗ್ರೀಸೆಲ್ಲ ಸುಟ್ಟು ಹೋಗಿರುತ್ತಿತ್ತು. ಇಪ್ಪತ್ತೇ ವರ್ಷದಲ್ಲಿ, 1996ರ ಅಟ್ಲಾಂಟಾದಲ್ಲಿ, ಮೌಂಟನ್ ಬೈಕಿಂಗ್ ಒಲಿಂಪಿಕ್ಸ್ ಕ್ರೀಡೆಯಾಯಿತು. ಜಾಹೀರಾತುಗಳು ಇಂದಿಗೂ ಮಾರುವುದು ಆ ಧುಮುಕುವ ಚಿತ್ರವನ್ನೇ. ಅದನ್ನು ಇಟ್ಟುಕೊಂಡು ಸಂಸಾರಕ್ಕೆ ಜಾಗ ಹುಡುಕಲು ಹೊರಟರೆ ಮಕ್ಕಳು ಅಳುತ್ತ ಸೈಕಲ್ ತಳ್ಳುತ್ತಾರೆ, ದೊಡ್ಡವರು ಗದರುತ್ತಾರೆ.

ಇನ್ನೊಂದು ಕಡೆ ಮನೆಯ ಹಿರಿಯರ ಭಯ. ಕಲ್ಲು, ಗುಂಡಿ, ಮರಳು, ಬಿದ್ದರೆ ಗತಿಯೇನು? ಮಣ್ಣಿನಲ್ಲಿ ಮಗು ಬೀಳುತ್ತದೆ, ನಿಜ. ಆದರೆ ಬೀಳುವುದು ನಿಧಾನಕ್ಕೆ. ಹೆಲ್ಮೆಟ್ಟಿದ್ದರೆ ಬಹುತೇಕ ಮೊಣಕಾಲು ತರಚುವುದರಲ್ಲಿ ಮುಗಿಯುತ್ತದೆ. ನಿಜವಾದ ಅಪಾಯ ಇರುವುದು ನುಣುಪಾದ ಟಾರಿನ ಮೇಲೆ. ಹಿಂದಿನಿಂದ ಯಾರಾದರೂ ಹಾರ್ನ್ ಹೊಡೆದರೆ ಮಗು ತಿರುಗಿ ನೋಡುತ್ತದೆ. ತಲೆ ತಿರುಗಿದ ಕಡೆಗೇ ಹ್ಯಾಂಡಲ್ಲೂ ಹೊರಳುತ್ತದೆ, ಸೈಕಲ್ ರಸ್ತೆಯ ನಡುವಿಗೆ ಬರುತ್ತದೆ. ಹಾಗಾಗಿ ಜಾಗ ನೋಡುವಾಗ ಮೊದಲು ಅಳೆಯಬೇಕಾದದ್ದು ತಂಗುವ ಮನೆಯ ಬಾಗಿಲಿನಿಂದ ಮಣ್ಣಿನ ದಾರಿಗೆ ಎಷ್ಟು ದೂರ ಎಂಬುದನ್ನು. ಮೂರು ಕಿಲೋಮೀಟರ್ ಹೆದ್ದಾರಿ ತುಳಿದ ಮೇಲೆ ಸಿಗುವ ಸ್ವರ್ಗ ಮಕ್ಕಳಿಗೆ ಬೇಡ.

ಈ ಅಳತೆಗೆ ನಿಲ್ಲದೆ ಮೊದಲು ಉದುರುವುದು ಎಲ್ಲರ ಬಾಯಲ್ಲಿ ಮೊದಲು ಬರುವ ಕೊಡಗು ಮತ್ತು ಮಲೆನಾಡು. ಡಿಸೆಂಬರಿಗೆ ಜಿಗಣೆ ಇರುವುದಿಲ್ಲ, ಹವೆ ಹಿತವಾಗಿರುತ್ತದೆ, ಒಪ್ಪೋಣ. ಆದರೆ ಅಲ್ಲಿನ ಮಣ್ಣಿನ ದಾರಿಗಳು ಒಂದೋ ಕಾಡಿನವು, ಇಲ್ಲವೇ ತೋಟದವು. ನಾಗರಹೊಳೆ, ಭದ್ರಾ, ಕಾಳಿಯಂಥ ಹುಲಿ ಮೀಸಲುಗಳಲ್ಲಿ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. ತೋಟದ ದಾರಿ ಖಾಸಗಿ ಆಸ್ತಿ. ಮೇಲಾಗಿ ಅದು ಅರೇಬಿಕಾ ಕಾಫಿ ಕುಯ್ಲಿನ ಕಾಲ, ಕೆಲಸದವರನ್ನು ತುಂಬಿಕೊಂಡ ಪಿಕಪ್ಪು ಜೀಪುಗಳು ಕುರುಡು ತಿರುವಿನಲ್ಲಿ ಎದುರಾಗುತ್ತವೆ. ಹುತ್ತರಿ ಹಬ್ಬದ ಹೊತ್ತಿಗೆ ಗದ್ದೆಯಲ್ಲಿ ಭತ್ತ ಬಲಿತಿರುತ್ತದೆ, ಆನೆಗಳಿಗೂ ಅದು ಗೊತ್ತು. 2023ರ ಗಣತಿಯಂತೆ ಕರ್ನಾಟಕದಲ್ಲಿ 6,395 ಆನೆಗಳಿದ್ದವು, ದೇಶದಲ್ಲೇ ಹೆಚ್ಚು. ಹೆಮ್ಮೆ ಪಡೋಣ, ಆದರೆ ಮಗುವಿನ ಸೈಕಲ್ ತೆಗೆದುಕೊಂಡು ಅವುಗಳ ದಾರಿಗೆ ಹೋಗುವುದು ಬೇಡ. ಇನ್ನು ಕರಾವಳಿ: ಇಳಿತದ ಹೊತ್ತಿನಲ್ಲಿ ಗಟ್ಟಿಯಾದ ಒದ್ದೆ ಮರಳಿನ ಮೇಲೆ ತುಳಿಯುವುದು ಚೆಂದವೇ, ಆದರೆ ಸಮುದ್ರದ ಗಡಿಯಾರಕ್ಕೆ ಬದ್ಧರಾಗಬೇಕು, ಸಂಜೆಗೆ ಚೈನು ತೊಳೆದು ಎಣ್ಣೆ ಹಾಕದಿದ್ದರೆ ತುಕ್ಕು ಖಚಿತ.

ನಾನು ಹೇಳುವುದು ಆನೆಗೊಂದಿ. ಹಂಪಿಯ ಎದುರು ದಡ, ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕು. ಬಂಡೆಗಳ ಸೊಬಗು ಇದ್ದೇ ಇದೆ. ಆದರೆ ನನ್ನ ಕಾರಣ ಬೇರೆ: ಅಲ್ಲಿ ಕಾಲುವೆಗಳಿವೆ. ವಿಜಯನಗರದ ಕಾಲದ ಕಾಲುವೆಗಳಲ್ಲಿ ಹಲವು ತುಂಗಭದ್ರೆಯ ಎರಡೂ ದಡಗಳಲ್ಲಿ ಇಂದಿಗೂ ನೀರುಣಿಸುತ್ತವೆ. ಅಣೆಕಟ್ಟಿನ ಎಡದಂಡೆ ಕಾಲುವೆಯೂ ಈ ಸೀಮೆಯಲ್ಲೇ ಹಾಯುತ್ತದೆ. ಕಾಲುವೆಗೆ ಬೇಕಾದದ್ದು ನೀರು ತೆವಳುವಷ್ಟು ಇಳಿಜಾರು ಮಾತ್ರ, ಆದ್ದರಿಂದ ಅದು ಗುಡ್ಡ ಹತ್ತುವುದಿಲ್ಲ, ಬಳಸಿಕೊಂಡು ಹೋಗುತ್ತದೆ. ಅದರ ಮಗ್ಗುಲಿನ ಮಣ್ಣಿನ ದಾರಿಯೂ ಹಾಗೆಯೇ. ಗೇರಿಲ್ಲದ ಸೈಕಲ್ಲಿಗೆ ಇದಕ್ಕಿಂತ ಒಳ್ಳೆಯ ಇಂಜಿನಿಯರ್ ಇನ್ನೆಲ್ಲಿ ಸಿಗಬೇಕು? ಆದರೆ ದೊಡ್ಡ ಕಾಲುವೆಗೆ ತಡೆಗೋಡೆ ಇರುವುದಿಲ್ಲ, ಹರಿವು ಬಿರುಸು. ಮಕ್ಕಳನ್ನು ಗದ್ದೆ ಬದಿಗೆ ಬಿಟ್ಟು ದೊಡ್ಡವರು ನೀರಿನ ಬದಿಗಿರಬೇಕು. ಅದಕ್ಕೂ ಒಪ್ಪದವರಿಗೆ ಬಾಳೆತೋಟ, ಭತ್ತದ ಗದ್ದೆಗಳ ನಡುವಿನ ಬಂಡಿದಾರಿಗಳಿವೆ. ಬಂಡಿದಾರಿಯಲ್ಲೂ ಒಂದು ಸೂಕ್ಷ್ಮವಿದೆ: ಗಾಲಿಯ ಜಾಡಿನಲ್ಲಿ ಮರಳು ಸೇರಿರುತ್ತದೆ, ಸಣ್ಣ ಮುಂಚಕ್ರ ಅದರಲ್ಲಿ ಹೂತು ಥಟ್ಟನೆ ಅಡ್ಡ ತಿರುಗುತ್ತದೆ. ನಡುವಿನ ಹುಲ್ಲು ದಿಬ್ಬದ ಮೇಲೆ ಬಾ ಎಂದರೆ ಸಾಕು, ಮಗು ಕಲಿತುಬಿಡುತ್ತದೆ.

ಊರಿಗೆ ದೋಷವಿಲ್ಲವೆಂದಲ್ಲ. ದೊಡ್ಡ ದೋಷ ಬಳ್ಳಾರಿ ಜಾಲಿ. ದಾರಿಬದಿಯಲ್ಲೆಲ್ಲ ಬೆಳೆದಿರುವ ಈ ಗಿಡದ ಒಣಮುಳ್ಳು ಟೈರಿನೊಳಗೆ ಹೊಕ್ಕು ಹೊರಗಡೆ ಮುರಿದುಕೊಳ್ಳುತ್ತದೆ. ಟ್ಯೂಬಿಗೆ ತೇಪೆ ಹಾಕಿ, ಟೈರಿನ ಒಳಮೈಯನ್ನು ಬೆರಳಾಡಿಸಿ ನೋಡದೆ ಕೂಡಿಸಿದರೆ ನೂರು ಗಜ ಹೋಗುವಷ್ಟರಲ್ಲಿ ಮತ್ತೆ ಗಾಳಿ ಇಳಿದಿರುತ್ತದೆ. ಬೆರಳನ್ನೂ ಹುಷಾರಾಗಿ ಆಡಿಸಬೇಕು, ಮುಳ್ಳು ಅಲ್ಲೇ ಇರುತ್ತದೆ. ಪಂಪು, ತೇಪೆ, ಮಗುವಿನ ಚಕ್ರದ ಅಳತೆಯ ಹೆಚ್ಚುವರಿ ಟ್ಯೂಬು ಚೀಲದಲ್ಲಿರಲಿ. ಆ ಅಳತೆಯ ಬಾಡಿಗೆ ಸೈಕಲ್ಲೂ ಅಲ್ಲಿ ಸುಲಭಕ್ಕೆ ಸಿಗದು. ದೊಡ್ಡವರು ಬಾಡಿಗೆಗೆ ತೆಗೆದುಕೊಳ್ಳಲಿ, ಮಕ್ಕಳದ್ದನ್ನು ಮನೆಯಿಂದ ಒಯ್ಯುವುದು ಲೇಸು. ಬೆಂಗಳೂರಿನಿಂದ ರಾತ್ರಿ ಹೊರಡುವ ಹಂಪಿ ಎಕ್ಸ್‌ಪ್ರೆಸ್ಸಿಗೆ ಲಗೇಜಾಗಿ ಬುಕ್ ಮಾಡಿದರೆ ಬೆಳಿಗ್ಗೆ ಹೊಸಪೇಟೆ. ಅಲ್ಲಿಂದ ಲಗೇಜ್ ಆಟೋ. ದಾರಿಯಲ್ಲಿ ಯಾರಾದರೂ ಕೈಚೆಲ್ಲಿದರೂ ಸೈಕಲ್ ಸಮೇತ ಎತ್ತಿಕೊಂಡು ಬರುವುದು ಆ ಆಟೋವೇ. ಚಾಲಕನ ನಂಬರು ಬರೆದಿಟ್ಟುಕೊಳ್ಳಿ.

ಇನ್ನು ಜನಜಂಗುಳಿ. ರಾಜ್ಯ ಪಠ್ಯಕ್ರಮದ ಬಹುತೇಕ ಶಾಲೆಗಳಿಗೆ ಬೇಸಿಗೆ ಬಿಟ್ಟರೆ ದೊಡ್ಡ ರಜೆ ದಸರಾದ್ದು. ಡಿಸೆಂಬರ್ ಅವರಿಗೆ ಶಾಲಾ ಪ್ರವಾಸದ ತಿಂಗಳು. ಸಾಲುಸಾಲು ಬಸ್ಸುಗಳು ಹಂಪಿಗೆ ಬರುತ್ತವೆ. ಮಾರ್ಗಶಿರದಲ್ಲಿ ಹನುಮಮಾಲೆ ವಿಸರ್ಜನೆಗೆ ಆನೆಗೊಂದಿ ಬಳಿಯ ಅಂಜನಾದ್ರಿ ಬೆಟ್ಟದಲ್ಲಿ ಸೇರುವ ಜನಸಾಗರದ ದಿನ ಅಲ್ಲಿನ ರಸ್ತೆಯಲ್ಲಿ ಸೈಕಲ್ಲಿನ ಮಾತೇ ಬೇಡ; ಪಂಚಾಂಗ ನೋಡಿ ದಿನ ಗೊತ್ತುಮಾಡಬೇಕು. ನದಿ ನಡುವಿನ ವಿರೂಪಾಪುರ ಗಡ್ಡೆಯ ರೆಸಾರ್ಟುಗಳು 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ಬಳಿಕ ನೆಲಸಮವಾದವು. ಈಗ ತಂಗುವವರಲ್ಲಿ ಬಹಳ ಜನ ಸಾಣಾಪುರ, ಆನೆಗೊಂದಿಯ ಕಡೆಗಿರುವುದರಿಂದ ವಾರಾಂತ್ಯಕ್ಕೆ ಆ ಕಡೆಯ ಟಾರು ರಸ್ತೆಯೂ ಸುಮ್ಮನಿರುವುದಿಲ್ಲ. ಬಂಡೆಗುಡ್ಡಗಳಲ್ಲಿ ಚಿರತೆ, ಕರಡಿ ಇವೆ. ಡಿಸೆಂಬರಿನಲ್ಲಿ ಆರು ಗಂಟೆಗೆಲ್ಲ ಹೊತ್ತು ಮುಳುಗುತ್ತದೆ, ಐದೂವರೆಗೆ ಊರೊಳಗಿರಬೇಕು. ಮಧ್ಯಾಹ್ನದ ಬಿಸಿಲು ಚಳಿಗಾಲದಲ್ಲೂ 30 ಡಿಗ್ರಿಯ ಆಸುಪಾಸು. ಹಾಗಾಗಿ ಸವಾರಿಗೆ ಉಳಿಯುವುದು ಬೆಳಿಗ್ಗೆ ಮೂರು ತಾಸು, ಸಂಜೆ ಒಂದು ತಾಸು. ಮಕ್ಕಳ ಕಾಲಿಗೆ ಅದು ಧಾರಾಳ ಸಾಕು.

ಬ್ರಿಟನ್ನಿನ ಅರಣ್ಯಗಳಲ್ಲಿ ಸೈಕಲ್ ದಾರಿಗಳಿಗೆ ಹಸಿರು, ನೀಲಿ, ಕೆಂಪು, ಕಪ್ಪು ಎಂದು ದರ್ಜೆ ಕಟ್ಟಿ ಫಲಕ ನೆಟ್ಟಿರುತ್ತಾರೆ. ಹಸಿರು ಹೊಸಬರಿಗೆ, ಕಪ್ಪು ಪಳಗಿದವರಿಗೆ. ನಮ್ಮ ಬಂಡಿದಾರಿಗೆ ಯಾರೂ ಬಣ್ಣ ಬಳಿದಿಲ್ಲ, ದರ್ಜೆ ನಾವೇ ಕಟ್ಟಬೇಕು. ನನ್ನ ಕಟ್ಟಳೆ ಸರಳ: ಸುತ್ತುದಾರಿ ಬೇಡ, ಹೋದ ದಾರಿಯಲ್ಲೇ ವಾಪಸು. ಸುತ್ತುದಾರಿಯಲ್ಲಿ ಅರ್ಧಕ್ಕೆ ಬಂದಾಗ ಮುಂದೆ ಹೋದರೂ ಅಷ್ಟೇ, ಹಿಂದೆ ಬಂದರೂ ಅಷ್ಟೇ. ಸುಸ್ತಾದ ಮಗುವಿಗೆ ಹೇಳಲು ಏನೂ ಇರುವುದಿಲ್ಲ. ಹೋದ ದಾರಿಯಲ್ಲೇ ಬರುವುದಾದರೆ ಯಾವ ಗಳಿಗೆಯಲ್ಲಾದರೂ ಹ್ಯಾಂಡಲ್ ತಿರುಗಿಸಬಹುದು, ಮುಂದೆ ಕಾದಿರುವುದೆಲ್ಲ ಈಗಾಗಲೇ ನೋಡಿದ್ದು. ಅದೇ ದಾರಿ ಎರಡು ಸಲ ಬೇಜಾರು ಎನ್ನುವವರು ದೊಡ್ಡವರು. ಬರುವಾಗ ಅದೇ ಎಮ್ಮೆ ಅದೇ ಗುಂಡಿಯಲ್ಲಿ ಕೂತಿದೆಯೇ ಎಂದು ನೋಡುವ ಆಸೆ ಮಕ್ಕಳಿಗೆ.

ಹೀಗೆ ಎಲ್ಲವನ್ನೂ ಸಪಾಟು ಮಾಡಿಬಿಟ್ಟರೆ ಸಾಹಸ ಎಲ್ಲಿ ಉಳಿಯಿತು ಎಂಬ ಆಕ್ಷೇಪ ಬರುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ತೊಡಕೇ ಇಲ್ಲದ ದಾರಿ ಪಾರ್ಕಿನ ಸುತ್ತಿನಷ್ಟೇ ನೀರಸ. ಆದರೆ ತೊಡಕಿನ ಅಳತೆ ಸವಾರರ ಎತ್ತರದಂತೆ ಬದಲಾಗುತ್ತದೆ. ಹತ್ತು ಗಜದ ಮರಳಿನ ಪಟ್ಟಿಯನ್ನು ಕಾಲೂರದೆ ದಾಟುವುದು ಎಂಟು ವರ್ಷದವಳಿಗೆ ಸಾಹಸವೇ. ಹೊಳೆ ಇಳಿದು, ಹಂಪಿ ಕಡೆಗೆ ದಾಟುವ ತಳವಾರಘಟ್ಟದಲ್ಲಿ ಹರಿಗೋಲು ನಡೆಯುತ್ತಿದ್ದರೆ, ಸೈಕಲ್ಲನ್ನು ಅದರೊಳಗೆ ಮಲಗಿಸಿ ದಾಟುವುದಂತೂ ನಲವತ್ತು ದಾಟಿದವರಿಗೂ ಸಾಹಸ. ಅದಕ್ಕೂ ತೃಪ್ತಿಯಾಗದ ಗಟ್ಟಿಗರು ಬೆಳಕು ಹರಿದ ಕೂಡಲೇ ಒಬ್ಬರೇ ಹೊರಟು ಬೇಕಾದ ಏರನ್ನು ಹತ್ತಿ ಬರಲಿ. ಮಕ್ಕಳು ಎದ್ದು, ಮುಖ ತೊಳೆದು, ಒಗ್ಗರಣೆ–ಮಿರ್ಚಿಗೆ ಕೂರುವ ಹೊತ್ತಿಗೆ ವಾಪಸಿದ್ದರಾಯಿತು.