ಹ್ಯಾಮಂಡ್ ಆರ್ಗನ್ ನಕಲಿಯೆ?

ವಿದ್ಯುತ್ತಿನಿಂದ ನುಡಿಯುವ ಹ್ಯಾಮಂಡ್ ಆರ್ಗನ್ ವಾದ್ಯವು ಇಗರ್ಜಿಗಳ ಕೊಳವೆಯ ಆರ್ಗನ್ನಿನ ಅಗ್ಗದ ನಕಲೆಂದು ಹೀಗಳೆಯುವವರು ಇಂದಿಗೂ ಉಂಟು. ಈ ಆಕ್ಷೇಪಕ್ಕೆ ಎಡೆಗೊಟ್ಟವರು ಅದನ್ನು ಮಾರಿದವರೇ. 1935ರಲ್ಲಿ ಲಾರೆನ್ಸ್ ಹ್ಯಾಮಂಡನು ಅದನ್ನು ಅಮೆರಿಕೆಯಲ್ಲಿ ಮಾರಾಟಕ್ಕೆ ತಂದ ಬಳಿಕ, ಹತ್ತು ಸಾವಿರ ಡಾಲರಿನ ಕೊಳವೆಯ ಆರ್ಗನ್ನಿಗೆ ಇದು ಸಮವೆಂದು ಜಾಹೀರಾತು ಕೊಡಲಾಯಿತು. ಅಂತಹ ಮಾತುಗಳನ್ನು ನಿಲ್ಲಿಸಬೇಕೆಂದು 1938ರಲ್ಲಿ ಅಲ್ಲಿಯ ಸರಕಾರದ ವ್ಯಾಪಾರ ಮಂಡಲಿಯು ಆಜ್ಞಾಪಿಸಿತು. ಆಜ್ಞೆಯು ನ್ಯಾಯವಾದುದೇ. ಆದರೆ ಅದರಿಂದ ಖೋಟಾ ಎನಿಸಿದ್ದು ಜಾಹೀರಾತು, ವಾದ್ಯವಲ್ಲ.

ವಾದ್ಯದೊಳಗೆ ಉಕ್ಕಿನ ಹಲ್ಲುಚಕ್ರಗಳು ಅಯಸ್ಕಾಂತಗಳ ಮುಂದೆ ತಿರುಗಿ ಸ್ವರವನ್ನು ಹುಟ್ಟಿಸುತ್ತಿದ್ದವು. ಕೀಲಿಯನ್ನು ಒತ್ತಿದೊಡನೆ ಏಳುವ ‘ಟಕ್’ ಎಂಬ ಸದ್ದನ್ನು ಅದನ್ನು ಕಟ್ಟಿದವರು ದೋಷವೆಂದೇ ಎಣಿಸಿದರು. ಡೊನಾಲ್ಡ್ ಲೆಸ್ಲಿಯು ರಚಿಸಿದ, ನಾದವನ್ನು ಸುತ್ತಿಸಿ ಅಲುಗಿಸುವ ಧ್ವನಿವರ್ಧಕವನ್ನಂತೂ ಹ್ಯಾಮಂಡನು ಕೊಳ್ಳಲೊಲ್ಲನು! ಅಮೆರಿಕೆಯ ಕಪ್ಪು ಜನರ ಇಗರ್ಜಿಗಳೂ ಜಾಜ್ ವಾದಕರೂ ಇವೆರಡನ್ನೂ ಒಲಿದು ಬರಮಾಡಿಕೊಂಡರು. 1956ರಿಂದ ಹೊರಬಂದ ಜಿಮ್ಮಿ ಸ್ಮಿತ್ತನ ಧ್ವನಿಮುದ್ರಿಕೆಗಳಲ್ಲಿ ಆ ‘ಟಕ್’ ತಾಳಕ್ಕೆ ಹೊಡೆದ ಚಿಟಿಕೆಯಂತೆ ಕೇಳುತ್ತದೆ. ಕೊಳವೆಯ ಆರ್ಗನ್ನಿಗೆ ಇದು ಸಾಧ್ಯವಿತ್ತೆ?

ಹಲ್ಲುಚಕ್ರದ ವಾದ್ಯಗಳ ತಯಾರಿಕೆಯು 1970ರ ದಶಕದ ನಡುವೆ ನಿಂತುಹೋಯಿತು. ಚಕ್ರವೇ ಇಲ್ಲದ ಈಗಿನ ಡಿಜಿಟಲ್ ವಾದ್ಯಗಳಲ್ಲಿಯೂ ಆ ‘ಟಕ್’ ಸದ್ದನ್ನು ಬೇಕೆಂದೇ, ಶ್ರಮಪಟ್ಟು, ಸೇರಿಸುತ್ತಿದ್ದಾರೆ.