ಉಚ್ಚಾರದೋಷವೋ, ನುಡಿಯ ನಿಯಮವೋ?

ಬೋಧನಾಭ್ಯಾಸದ ಅವಲೋಕನ ಪಟ್ಟಿಗಳಲ್ಲಿ ‘ಉಚ್ಚಾರದೋಷ’ ಎಂಬ ಮಾತನ್ನು ನಾವು ತೀರಾ ಹಗುರವಾಗಿ ಬಳಸುತ್ತೇವೆ ಎಂಬುದು ನನ್ನ ಅನಿಸಿಕೆ. ‘ಹಾಲು’ ಎನ್ನುವಲ್ಲಿ ‘ಆಲು’ ಎನ್ನುವ ಮಗುವಿಗೂ ಅದೇ ಹಣೆಪಟ್ಟಿ. ಇದು ಎಷ್ಟು ಸರಿ? ದೂರದ ಹವಾಯಿ ಭಾಷೆ ಇದಕ್ಕೆ ಒಳ್ಳೆಯ ಉದಾಹರಣೆ.

ಆಸ್ಟ್ರೊನೇಷ್ಯನ್ ಬಳಗದ ಈ ಭಾಷೆಯಲ್ಲಿರುವ ವ್ಯಂಜನಗಳು ಎಂಟೇ: ಪ, ಕ, ಹ, ಮ, ನ, ಲ, ವ ಮತ್ತು ಗಂಟಲಲ್ಲಿ ಉಸಿರನ್ನು ಕ್ಷಣ ತಡೆದು ಬಿಡುವ ‘ಒಕಿನಾ’. ಸ್ವರಗಳು ಐದು, ಕನ್ನಡದಂತೆ ಹ್ರಸ್ವ-ದೀರ್ಘಗಳಿಂದ ಅರ್ಥ ಬದಲಾಗುತ್ತದೆ. ಒತ್ತಕ್ಷರಗಳಿಲ್ಲ, ಪ್ರತಿ ಉಚ್ಚಾರಾಂಶವೂ ಸ್ವರದಲ್ಲೇ ಮುಗಿಯಬೇಕು. ಆದ್ದರಿಂದ ‘ಕ್ರಿಸ್‌ಮಸ್’ ಅಲ್ಲಿ ‘ಕಲಿಕಿಮಕ’. ರಕಾರಕ್ಕೆ ಲಕಾರ, ಸಕಾರಕ್ಕೆ ಕಕಾರ, ನಡುವೆಯೂ ಕೊನೆಗೂ ಸ್ವರ. ಇದು ತೊದಲಲ್ಲ, ನಿಯಮ. ‘ಬಸ್’ ಅನ್ನು ‘ಬಸ್ಸು’, ‘ಕಾರ್’ ಅನ್ನು ‘ಕಾರು’ ಮಾಡಿಕೊಂಡ ಕನ್ನಡದ್ದೂ ಇದೇ ಜಾಡು.

ಧ್ವನಿಗಳು ಕಡಿಮೆ ಎಂದರೆ ಭಾಷೆ ಬಡವೆಂದಲ್ಲ. ನಮ್ಮ ಒಂದೇ ‘ನಾವು’ವಿಗೆ ಅಲ್ಲಿ ನಾಲ್ಕು ಪದಗಳಿವೆ. ನಾನು-ನೀನು ಇಬ್ಬರೇ ಆದರೆ ‘ಕಾಉಅ’. ನಿನ್ನನ್ನು ಬಿಟ್ಟು ನಾವಿಬ್ಬರಾದರೆ ‘ಮಾಉಅ’. ಇಬ್ಬರಿಗಿಂತ ಹೆಚ್ಚಿದ್ದಾಗ, ನಿನ್ನನ್ನೂ ಸೇರಿಸಿದರೆ ‘ಕಾಕೊಉ’, ಬಿಟ್ಟರೆ ‘ಮಾಕೊಉ’. ‘ನಾವು ಪ್ರಯೋಗ ಮಾಡುತ್ತೇವೆ’ ಎಂದು ಶಿಕ್ಷಕರು ಹೇಳಿದಾಗ ಮಕ್ಕಳೂ ಸೇರಿದ್ದಾರೋ ಇಲ್ಲವೋ ಎಂಬುದು ಅಲ್ಲಿ ಸರ್ವನಾಮದಲ್ಲೇ ತಿಳಿಯುತ್ತದೆ.

ಇಂಥ ಭಾಷೆಯನ್ನು ಶಾಲೆಯೇ ಹೊರಗಟ್ಟಿತು. 1896ರ ಕಾನೂನು ಇಂಗ್ಲಿಷನ್ನು ಬೋಧನಾ ಮಾಧ್ಯಮವಾಗಿಸಿತು. ಶಾಲೆಯಲ್ಲಿ ಮನೆಮಾತಾಡಿದ ಮಕ್ಕಳು ಶಿಕ್ಷೆ ಅನುಭವಿಸಿದರು. ಕ್ರಮೇಣ ನುಡಿ ಮನೆಗಳಿಂದಲೂ ಮರೆಯಾಗತೊಡಗಿತು. 1978ರಲ್ಲಿ ಅದು ಅಧಿಕೃತ ಭಾಷೆಯಾಯಿತು. 1984ರಲ್ಲಿ ‘ಪೂನನ ಲೆಓ’, ಅಂದರೆ ‘ನುಡಿಗೂಡು’ ಎಂಬ ಶಿಶುಶಾಲೆ ತೆರೆಯಿತು. ಕೆಡಿಸಿದ್ದೂ ಶಾಲೆ, ಕಟ್ಟತೊಡಗಿದ್ದೂ ಶಾಲೆ.

ಹಾಗಾದರೆ ಶಿಷ್ಟ ಕನ್ನಡ ಕಲಿಸುವುದು ಬೇಡವೇ ಎಂದು ಕೇಳಬಹುದು. ಖಂಡಿತ ಬೇಕು. ‘ಅಕ್ಕಿ’ಗೂ ‘ಹಕ್ಕಿ’ಗೂ ಇರುವ ವ್ಯತ್ಯಾಸ ಮಗುವಿನ ಬರವಣಿಗೆಯಲ್ಲಿ ಬರಲೇಬೇಕು. ಆದರೆ ಅದನ್ನು ಮನೆಮಾತಿನ ಜೊತೆಗೆ ಸೇರುವ ಹೊಸ ಕಲಿಕೆಯಾಗಿ ಕಲಿಸಬೇಕು, ಮನೆಮಾತಿಗೆ ಶಿಕ್ಷೆಯಾಗಿ ಅಲ್ಲ. ವಿಜ್ಞಾನದಲ್ಲಿ ಒಂದೇ ಫಲಿತಾಂಶ ಮತ್ತೆ ಮತ್ತೆ ಬಂದರೆ ಅದರ ಹಿಂದಿನ ನಿಯಮ ಹುಡುಕುತ್ತೇವೆ. ಮಗುವಿನ ಮಾತಿಗೂ ಅದೇ ನ್ಯಾಯ ಸಲ್ಲಬೇಕು.

ನನ್ನ ಸಲಹೆ ಇಷ್ಟೇ: ಅವಲೋಕನ ಪಟ್ಟಿಯಲ್ಲಿ ‘ಉಚ್ಚಾರದೋಷ’ದ ಒಂದು ಕಲಮಿನ ಬದಲು ‘ಮನೆಮಾತಿನ ರೂಪ’, ‘ಕಲಿಯಬೇಕಾದ ಶಿಷ್ಟ ರೂಪ’ ಎಂಬ ಎರಡು ಕಲಮುಗಳಿರಲಿ. ಮುಂದಿನ ಬೋಧನಾಭ್ಯಾಸದಿಂದಲೇ ಇದನ್ನು ಜಾರಿಗೆ ತರಬಹುದು.