ಸತ್ಯಸಭೆಗೆ ಪೊಲೀಸ್ ಕಾವಲು ಬೇಕಾದಾಗ

ಆರು ಚರ್ಚುಗಳನ್ನು ವಶಕ್ಕೆ ತೆಗೆದುಕೊಳ್ಳಿ ಎಂದು 2024ರ ಆಗಸ್ಟ್ ಕೊನೆಯಲ್ಲಿ ಕೇರಳ ಹೈಕೋರ್ಟ್ ಎರ್ನಾಕುಲಂ ಮತ್ತು ಪಾಲಕ್ಕಾಡ್ ಜಿಲ್ಲಾಧಿಕಾರಿಗಳಿಗೆ ಆದೇಶಿಸಿತು. ಪೊಲೀಸರು ಹೋದಾಗ ಹೆಂಗಸರು, ವೃದ್ಧರು ಗೇಟಿಗೆ ಅಡ್ಡ ನಿಂತರು. ಬಾಗಿಲು ಕಾದವರೂ ಕ್ರೈಸ್ತರು, ಬಾಗಿಲು ತೆಗೆಸಬೇಕೆಂದು ನ್ಯಾಯಾಲಯಕ್ಕೆ ಹೋದವರೂ ಕ್ರೈಸ್ತರು. ಇಬ್ಬರ ಬಲಿಪೂಜೆಯ ಕ್ರಮ ಒಂದೇ, ಸಿರಿಯಾಕ್ ಪ್ರಾರ್ಥನೆ ಒಂದೇ, ಉಪವಾಸದ ದಿನಗಳು ಒಂದೇ. ಹರಕೆ ಹೊತ್ತು ನಡೆದುಹೋಗುವ ಪರುಮಲದ ಸಂತನೂ ಇಬ್ಬರಿಗೂ ಒಬ್ಬನೇ. ಬೇರೆಯಾಗಿರುವುದು ಒಂದೇ ಸಂಗತಿ: ಕೊನೆಯ ಮಾತು ಯಾರದು? ಕೋಟ್ಟಯಂನಲ್ಲಿರುವ ಇಲ್ಲಿನ ಸಭಾಮುಖ್ಯಸ್ಥ ಕ್ಯಾಥೊಲಿಕೋಸರದೋ, ಅಂತಿಯೋಕ್ಯದ ಪೀಠದಲ್ಲಿ ಕೂತ ಪಾತ್ರಿಯಾರ್ಕರದೋ?

ಕ್ಯಾಥೊಲಿಕೋಸರ ಪರವಾದ ಆರ್ಥೊಡಾಕ್ಸ್ ಮತ್ತು ಪಾತ್ರಿಯಾರ್ಕರ ಪರವಾದ ಯಾಕೋಬಾಯ ಬಣಗಳ ಈ ಜಗಳವನ್ನು ನೆರೆರಾಜ್ಯದ ಆಸ್ತಿ ವ್ಯಾಜ್ಯವೆಂದು ಪಕ್ಕಕ್ಕಿಡುವುದು ಸುಲಭ. ಅದು ತಪ್ಪಾದೀತು. ತನ್ನದೊಂದೇ ನಿಜವಾದ ಸಭೆ ಎಂಬ ನಂಬಿಕೆ, ಕೀಲಿಕೈ, ಲೆಕ್ಕಪುಸ್ತಕ ಮತ್ತು ಸಮಾಧಿಯ ಮೇಲಿನ ಹಕ್ಕಾಗಿ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಈ ಎರಡೂ ಬಣಗಳ ಮೂಲವಾದ ಮಲಂಕರ ಸಭೆಯಷ್ಟು ಸ್ಪಷ್ಟವಾದ ಉದಾಹರಣೆ ಭಾರತದಲ್ಲಿ ಇನ್ನೊಂದಿಲ್ಲ. ಈಗ ಕಾಣುತ್ತಿರುವ ಲಕ್ಷಣಗಳನ್ನು ಓದಿಕೊಳ್ಳದಿದ್ದರೆ ಮುಂದಿನ ಹಂತದಲ್ಲಿ ಸಭೆಯ ಒಳಗಿನ ಪ್ರಶ್ನೆಗಳಿಗೆಲ್ಲ ಸರ್ಕಾರವೇ ಉತ್ತರ ಬರೆಯಲಿದೆ.

ಈ ಜಗಳದ ಚರಿತ್ರೆಯೇ ಒಂದು ಪಾಠ. ಸಂತ ತೋಮಸನಿಂದ ಬಂದವರೆಂದು ಹೇಳಿಕೊಳ್ಳುವ ಮಲಬಾರಿನ ಕ್ರೈಸ್ತರನ್ನು 1599ರ ಉದಯಂಪೇರೂರು ಸಿನೊಡಿನಲ್ಲಿ ಪೋರ್ಚುಗೀಸರು ರೋಮಿನ ಅಧೀನಕ್ಕೆ ತಂದರು. ಅರ್ಧ ಶತಮಾನ ಕಳೆದ ಮೇಲೆ, 1653ರ ಜನವರಿ 3ರಂದು, ಮಟ್ಟಾಂಚೇರಿಯ ಶಿಲುಬೆಯ ಮುಂದೆ ಸಾವಿರಾರು ಜನ ಆ ನೊಗವನ್ನು ಕಳಚುವ ಪ್ರತಿಜ್ಞೆ ಮಾಡಿದರು. ಕೆಲವರು ರೋಮಿಗೆ ಮರಳಿದರು. ಉಳಿದವರಿಗೆ 1665ರಲ್ಲಿ ಪಶ್ಚಿಮ ಏಷ್ಯಾದಿಂದ ಬಂದ ಬಿಷಪ್ ಮಾರ್ ಗ್ರಿಗೋರಿಯೋಸರ ಮೂಲಕ ಅಂತಿಯೋಕ್ಯದ ನಂಟು ಬೆಳೆಯಿತು. ಆಗ ಅದು ಆಸರೆಯ ನಂಟು. ಅಧಿಕಾರದ ಪ್ರಶ್ನೆ ಎದ್ದದ್ದು ಆಮೇಲೆ.

ಆ ಪ್ರಶ್ನೆಯ ಜೊತೆಗೇ ಹಣವೂ ಬಂತು. 1808ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಳಿ ಇಟ್ಟ 3,000 ಪೂವರಾಹಗಳ ಶಾಶ್ವತ ಠೇವಣಿಯ ಬಡ್ಡಿಯನ್ನು ಪಡೆಯಲು ನಿಜವಾದ ವಾರಸುದಾರರು ಯಾರು ಎಂಬ ಮೊಕದ್ದಮೆ 1913ರಲ್ಲಿ ಶುರುವಾಗಿ 1928ರವರೆಗೂ ಎಳೆಯಿತು. ಅದಕ್ಕೂ ಮುಂಚೆ, 1889ರಲ್ಲಿ, ತಿರುವಾಂಕೂರಿನ ರಾಜ ನ್ಯಾಯಾಲಯ ಕೋಟ್ಟಯಂ ಸೆಮಿನರಿಯನ್ನು ಅಂತಿಯೋಕ್ಯದ ಪರವಾದವರಿಗೆ ಕೊಟ್ಟಿತ್ತು. ಸೋತವರು ಹೊರನಡೆದು ಮಾರ್ತೋಮ ಸಭೆಯಾದರು. 1911ರಲ್ಲಿ ಒಬ್ಬ ಪಾತ್ರಿಯಾರ್ಕ್ ಮಲಂಕರದ ಮುಖ್ಯ ಬಿಷಪ್ ವಟ್ಟಶ್ಶೇರಿಲ್ ಮಾರ್ ದಿಯೊನಿಸಿಯೋಸರನ್ನು ಬಹಿಷ್ಕರಿಸಿದರು. ಮರುವರ್ಷ ಇನ್ನೊಬ್ಬ ಪಾತ್ರಿಯಾರ್ಕ್ ಅಬ್ದುಲ್ ಮಸೀಹ್ ಬಂದು ಮಲಂಕರದಲ್ಲಿ ಕ್ಯಾಥೊಲಿಕೋಸ್ ಪೀಠವನ್ನೇ ಸ್ಥಾಪಿಸಿದರು. ಆದರೆ ಅಬ್ದುಲ್ ಮಸೀಹರಿಗೆ ಕೊಟ್ಟಿದ್ದ ಮಾನ್ಯತೆಯ ಫರ್ಮಾನನ್ನು ಆಟೊಮನ್ ಸುಲ್ತಾನ ಹಿಂದಕ್ಕೆ ಪಡೆದಿದ್ದ. ಹೀಗಾಗಿ ಕ್ರೈಸ್ತ ಪೀಠವೊಂದರ ಸಾಚಾತನವನ್ನು ಸುಲ್ತಾನನ ಕಾಗದದಿಂದ ಅಳೆಯುವ ವಾದ ಕೇರಳದ ಕೋರ್ಟುಗಳಲ್ಲಿ ದಶಕಗಳ ಕಾಲ ನಡೆಯಿತು. ಸಭೆ ತನ್ನ ಸತ್ಯಕ್ಕೆ ಸರ್ಕಾರಿ ಮೊಹರು ಹುಡುಕುವ ಚಾಳಿ ಇವತ್ತಿನದಲ್ಲ.

ಈ ನಡುವೆ ಒಂದು ಒಳ್ಳೆಯ ಕಾಲವೂ ಬಂತು, ಅದನ್ನು ಎರಡೂ ಬಣಗಳು ಈಗ ನೆನೆಯುವುದು ಕಡಿಮೆ. ಸಭೆಯ 1934ರ ಸಂವಿಧಾನವನ್ನು ಆಧರಿಸಿದ ಕ್ಯಾಥೊಲಿಕೋಸ್ ಪಕ್ಷ 1958ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತು. ಗೆದ್ದವರು ಸೋತವರನ್ನು ಹೊರಹಾಕಲಿಲ್ಲ. ಅದೇ ಡಿಸೆಂಬರ್‌ನಲ್ಲಿ ಇಬ್ಬರೂ ಪರಸ್ಪರ ಒಪ್ಪಿಕೊಂಡರು. 1964ರಲ್ಲಿ ಪಾತ್ರಿಯಾರ್ಕ್ ಮೂರನೇ ಯಾಕೂಬ್ ತಾವೇ ಕೋಟ್ಟಯಂಗೆ ಬಂದು ಹೊಸ ಕ್ಯಾಥೊಲಿಕೋಸ್ ಔಗೇನ್ ಅವರನ್ನು ಪೀಠಕ್ಕೇರಿಸಿದರು. ಆದರೆ 1970ರಲ್ಲಿ ಅದೇ ಪಾತ್ರಿಯಾರ್ಕರು ಸಂತ ತೋಮಸನಿಗೆ ಸಿಂಹಾಸನ ಎಲ್ಲಿಯದು ಎಂಬರ್ಥದ ಪತ್ರ ಬರೆದರು. 1975ರ ಹೊತ್ತಿಗೆ ಸಭೆ ಮತ್ತೆ ಒಡೆದು ಇಬ್ಬರು ಕ್ಯಾಥೊಲಿಕೋಸರಿದ್ದರು. 1995ರಲ್ಲಿ ಸುಪ್ರೀಂ ಕೋರ್ಟು ಒಂದಾಗಲು ಇನ್ನೊಂದು ದಾರಿ ತೋರಿಸಿತು. ಆ ದಾರಿಯ ಕೊನೆಯಲ್ಲಿ, 2002ರ ಮಾರ್ಚ್‌ನಲ್ಲಿ ಪರುಮಲದಲ್ಲಿ ಸೇರಿದ, ಚರ್ಚುಗಳ ಪ್ರತಿನಿಧಿಗಳ ಮಲಂಕರ ಅಸೋಸಿಯೇಷನ್ ಸಭೆಗೆ ಸುಪ್ರೀಂ ಕೋರ್ಟಿನ ವೀಕ್ಷಕರಾಗಿ ಹೋದವರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ವಿ. ಎಸ್. ಮಳಿಮಠ. ಯಾಕೋಬಾಯ ಬಣ ಅದನ್ನು ಬಹಿಷ್ಕರಿಸಿತು, ಅದೇ ವರ್ಷ ಪುತ್ತನ್‌ಕುರಿಶ್‌ನಲ್ಲಿ ತನ್ನದೇ ಸಂವಿಧಾನ ಬರೆದುಕೊಂಡಿತು. 2017ರ ಜುಲೈ 3ರಂದು ಸುಪ್ರೀಂ ಕೋರ್ಟು ಮಲಂಕರದ ಎಲ್ಲ ಚರ್ಚುಗಳೂ 1934ರ ಸಂವಿಧಾನದಂತೆಯೇ ನಡೆಯಬೇಕೆಂದು ಹೇಳಿತು. ಈ ಸಲ ಗೆದ್ದವರು 1958ರ ದಾರಿ ಹಿಡಿಯಲಿಲ್ಲ, ಸೋತವರು ತೀರ್ಪಿಗೆ ತಲೆಬಾಗಲೂ ಇಲ್ಲ.

ಅಂದಿನಿಂದ ಕಂಡ ಮೂರು ಲಕ್ಷಣಗಳು ನಮ್ಮ ಕಳವಳಕ್ಕೆ ಕಾರಣ.

ಮೊದಲನೆಯದು, ಜಗಳ ಸತ್ತವರನ್ನೂ ಬಿಡಲಿಲ್ಲ. ಚರ್ಚು ಒಂದು ಬಣದ್ದು, ಸತ್ತವರ ಮನೆಯವರು ಇನ್ನೊಂದು ಬಣದವರು ಎಂಬ ಕಾರಣಕ್ಕೆ ಪೂರ್ವಜರ ಸಮಾಧಿಭೂಮಿಯ ಗೇಟು ಮುಚ್ಚಿ, ಹೆಣಗಳು ವಾರಗಟ್ಟಲೆ ಕಾದವು. ಕೊನೆಗೆ 2020ರಲ್ಲಿ ಕೇರಳ ಸರ್ಕಾರ ಈ ಎರಡು ಬಣಗಳ ಹೆಸರನ್ನೇ ಶೀರ್ಷಿಕೆಯಲ್ಲಿಟ್ಟು, ಹೆಣ ಹೂಳುವ ಹಕ್ಕಿಗಾಗಿ ಒಂದು ಕಾನೂನು ಮಾಡಬೇಕಾಯಿತು. ಪುನರುತ್ಥಾನವನ್ನು ಸಾರುವ ಸಭೆಗೆ ಶಾಸನಸಭೆ ಶವಸಂಸ್ಕಾರದ ಮರ್ಯಾದೆ ಕಲಿಸಬೇಕಾಗಿ ಬಂದದ್ದು ಸಣ್ಣ ಅವಮಾನವಲ್ಲ.

ಎರಡನೆಯದು, ಸರ್ಕಾರ ಒಳಬಂದ ರೀತಿ. 2019ರ ಸೆಪ್ಟೆಂಬರ್‌ನಲ್ಲಿ ಪಿರವಂ ಚರ್ಚಿನಿಂದ ಬಿಷಪ್ಪರನ್ನೂ ಭಕ್ತರನ್ನೂ ಪೊಲೀಸರು ಹೊರಗೆ ಕರೆತಂದರು, ಕೀಲಿಕೈ ಜಿಲ್ಲಾಧಿಕಾರಿಯ ಕೈಸೇರಿತು. ಆರು ಚರ್ಚುಗಳ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, 2025ರ ಜನವರಿ 30ರಂದು ಅದು ಹೈಕೋರ್ಟಿನ ಆದೇಶವನ್ನು ತೆಗೆದುಹಾಕಿ ಮತ್ತೊಮ್ಮೆ ವಿಚಾರಿಸಲು ಹೇಳಿತು. ಧಾರ್ಮಿಕ ವಿಷಯದಲ್ಲಿ ಆಡಳಿತ ಎಷ್ಟರಮಟ್ಟಿಗೆ ಕೈಹಾಕಬೇಕು ಎಂಬುದನ್ನೂ ಯೋಚಿಸಿ ಎಂದಿತು. ನ್ಯಾಯಾಲಯಕ್ಕೇ ಇರುವ ಈ ಅಳುಕು ಬಿಷಪ್ಪರಿಗೆ ಇಲ್ಲ. ಚರ್ಚುಗಳ ಆಸ್ತಿಗೆ ಕಾನೂನಿನ ಚೌಕಟ್ಟು ಬೇಕೆಂದು 2009ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆಯೋಗ, 2019ರಲ್ಲಿ ನ್ಯಾಯಮೂರ್ತಿ ಕೆ. ಟಿ. ಥಾಮಸ್ ಆಯೋಗ ಕರಡು ಮಂಡಿಸಿದಾಗ ಹಲವು ಸಭೆಗಳ ನಾಯಕರು ಸರ್ಕಾರ ದೂರವಿರಲಿ ಎಂದು ಹರಿಹಾಯ್ದರು. ಬಣದ ಎದುರಾಳಿಯನ್ನು ಹೊರಹಾಕಬೇಕಾದಾಗ ಅದೇ ಸರ್ಕಾರದ ಲಾಠಿ ಬೇಕು ಎನ್ನುವುದು ಎರಡು ನಾಲಗೆಯ ಮಾತು.

ಮೂರನೆಯದು, ಬಿರುಕು ಗಟ್ಟಿಯಾಗುತ್ತಿದೆ. ಆರ್ಥೊಡಾಕ್ಸ್ ಬಣದ ಮೂರನೇ ಮಾರ್ತೋಮ ಮ್ಯಾಥ್ಯೂಸ್ 2021ರಲ್ಲಿ ಪೀಠವೇರಿದರು. ಯಾಕೋಬಾಯ ಬಣದ ಕ್ಯಾಥೊಲಿಕೋಸ್ ಮೊದಲನೇ ಥಾಮಸ್ 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡ ಮೇಲೆ 2025ರ ಮಾರ್ಚ್ 25ರಂದು ಬೇಸಿಲಿಯೋಸ್ ಜೋಸೆಫ್ ಲೆಬನಾನಿನಲ್ಲಿ ಪಾತ್ರಿಯಾರ್ಕರಿಂದಲೇ ಅಭಿಷಿಕ್ತರಾದರು. ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಮೇಲೆ ಮೊಮ್ಮಕ್ಕಳು ಒಂದೇ ಒಲೆಯಲ್ಲಿ ಉಣ್ಣುವುದಿಲ್ಲ. ಇನ್ನೊಂದು ತಲೆಮಾರು ಹೀಗೇ ಕಳೆದರೆ ಒಂದಾಗಿದ್ದ ಕಾಲವನ್ನು ಕಂಡವರೇ ಉಳಿದಿರುವುದಿಲ್ಲ.

ಇದು ಎಲ್ಲಿಗೆ ಮುಟ್ಟಬಹುದು ಎಂದು ತಿಳಿಯಲು ಉಕ್ರೇನಿನ ಕಡೆ ನೋಡಬೇಕು. ಅಲ್ಲಿನ ಸಭೆಗೆ ಸ್ವಾತಂತ್ರ್ಯ ಕೊಡಲು ಕಾನ್‌ಸ್ಟಾಂಟಿನೋಪಲ್ ಪೀಠ ಮುಂದಾದಾಗ, 2018ರ ಅಕ್ಟೋಬರ್‌ನಲ್ಲಿ ಮಾಸ್ಕೊ ಪೀಠ ಅದರ ಜೊತೆಗಿನ ಸಂಸ್ಕಾರಬಾಂಧವ್ಯವನ್ನೇ ಕಡಿದುಕೊಂಡಿತು. ಯುದ್ಧ ಬಂದ ಮೇಲೆ ಪ್ರಾರ್ಥನೆಯಲ್ಲಿ ಯಾರ ಹೆಸರು ಹೇಳುತ್ತೀರಿ ಎಂಬುದು ದೇಶನಿಷ್ಠೆಯ ಪರೀಕ್ಷೆಯಾಯಿತು. 2024ರ ಆಗಸ್ಟ್‌ನಲ್ಲಿ ಉಕ್ರೇನ್, ಮಾಸ್ಕೊ ನಂಟಿನ ಧಾರ್ಮಿಕ ಸಂಸ್ಥೆಗಳನ್ನು ನಿಷೇಧಿಸಲು ಅವಕಾಶ ಕೊಡುವ ಕಾನೂನು ತಂದಿತು. ಕೇರಳಕ್ಕೂ ಉಕ್ರೇನಿಗೂ ಅಂತರ ಬಹಳ. ಆದರೂ ವಿದೇಶಿ ಪೀಠಕ್ಕೆ ನಿಷ್ಠೆ, ಸ್ವದೇಶಿ ಸಭೆ ಎಂಬ ಮಾತುಗಳು ಮಲಂಕರದ ವಾದಗಳಲ್ಲಿ ಈಗಲೇ ಓಡಾಡುತ್ತಿವೆ. ಇವತ್ತಿನ ಭಾರತದಲ್ಲಿ ಆ ಮಾತುಗಳನ್ನು ಎತ್ತಿಕೊಳ್ಳಲು ಹೊರಗಿನವರು ಕಾದಿದ್ದಾರೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಒಂದು ಸಭೆ ತಾನೇ ನಿಜವಾದದ್ದು ಎಂದು ನಂಬಬಾರದೇ? ನಂಬಬಹುದು. ನಂಬದೆ ಯಾವ ಸಭೆಯೂ ಎರಡು ಸಾವಿರ ವರ್ಷ ಬಾಳುವುದಿಲ್ಲ. ಸಭೆ ಒಂದೇ ಎಂಬುದು ಎಲ್ಲ ಪ್ರಾಚೀನ ಸಭೆಗಳ ವಿಶ್ವಾಸಪ್ರಮಾಣದ ಮಾತು. ಸಭೆಯ ಹೊರಗೆ ರಕ್ಷಣೆಯಿಲ್ಲ ಎಂದು ಮೂರನೇ ಶತಮಾನದಲ್ಲೇ ಕಾರ್ತೇಜಿನ ಸಿಪ್ರಿಯನ್ ಬೋಧಿಸಿದ್ದ. 1302ರಲ್ಲಿ ಪೋಪ್ ಎಂಟನೇ ಬೊನಿಫೇಸ್ ಅದನ್ನು ಪೋಪರಿಗೆ ಅಧೀನವಾಗಿರುವುದಕ್ಕೇ ಬಿಗಿದರು. ಆದರೆ ಅದೇ ರೋಮ್, ಆ ಬೋಧನೆಯನ್ನು ಅಕ್ಷರಶಃ ಹಿಡಿದು ಹಟ ಮಾಡಿದ ಬಾಸ್ಟನ್ನಿನ ಪಾದ್ರಿ ಲೆನರ್ಡ್ ಫೀನಿಯನ್ನು 1953ರಲ್ಲಿ ಬಹಿಷ್ಕರಿಸಿತು. 1964ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ತನ್ನ ಗಡಿಯ ಆಚೆಯೂ ಪವಿತ್ರತೆ, ಸತ್ಯ ಇವೆಯೆಂದು ಒಪ್ಪಿತು. ತನ್ನ ಪೂರ್ಣತೆಯ ಹಕ್ಕನ್ನು ಅದು ಬಿಟ್ಟುಕೊಟ್ಟಿಲ್ಲ. ಉಳಿದವರನ್ನು ಬರಿಗೈಯವರೆಂದು ಕರೆಯುವುದನ್ನು ಬಿಟ್ಟಿತು.

ಈ ಎರಡೂ ಬಣಗಳು ಸೇರಿದ ಸಿರಿಯನ್ ಪರಂಪರೆಯವರಿಗೆ ಇದು ಬೇರೆಯವರಿಗಿಂತ ಚೆನ್ನಾಗಿ ಗೊತ್ತಿರಬೇಕು. 451ರ ಕಾಲ್ಸೆಡನ್ ಮಹಾಸಭೆಯನ್ನು ಒಪ್ಪಲಿಲ್ಲವೆಂದು ಅವರನ್ನು ಸಾವಿರದೈನೂರು ವರ್ಷ ಪಾಷಂಡಿಗಳೆಂದು ಕರೆಯಲಾಯಿತು. 1984ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಮತ್ತು ಅಂತಿಯೋಕ್ಯದ ಪಾತ್ರಿಯಾರ್ಕ್ ಮೊದಲನೇ ಜಕ್ಕಾ ಸಹಿ ಹಾಕಿದ ಘೋಷಣೆ ಆ ಕಲಹದಲ್ಲಿ ವಿಶ್ವಾಸದ ತಿರುಳಿಗೆ ಧಕ್ಕೆಯಾಗಿರಲಿಲ್ಲ ಎಂದಿತು. ಸ್ವಂತ ಪಾದ್ರಿ ಸಿಗದ ಕಡೆ ಒಬ್ಬರ ಸಂಸ್ಕಾರಗಳನ್ನು ಇನ್ನೊಬ್ಬರು ಕೇಳಬಹುದೆಂದೂ ಒಪ್ಪಿತು. ಹದಿನೈದು ಶತಮಾನ ಬೇರೆಯಾಗಿದ್ದ ರೋಮಿಗೆ ಸಿಕ್ಕ ಆ ಔದಾರ್ಯ, ಅದೇ ಊರಿನ, ಅದೇ ಮನೆತನದ ಇನ್ನೊಂದು ಬಣಕ್ಕೆ ಸಿಗುತ್ತಿಲ್ಲ. ಇಬ್ಬರ ನಡುವೆ ತತ್ತ್ವದ ಭೇದವೇ ಇಲ್ಲದಾಗ ನಿಜವಾದ ಸಭೆ ಯಾವುದು ಎಂಬ ಪ್ರಶ್ನೆ ಕೊನೆಗೆ ಕಾಗದಪತ್ರದ ಪ್ರಶ್ನೆಯಾಗಿಯೇ ಉಳಿಯುತ್ತದೆ. ಕಾಗದಪತ್ರದ ಪ್ರಶ್ನೆಗೆ ಕೋರ್ಟು ಉತ್ತರ ಕೊಡಬಲ್ಲದು, ಕೊಟ್ಟಿದೆ. ದೇವರ ಸಾನ್ನಿಧ್ಯ ಯಾರಲ್ಲಿದೆ ಎಂಬುದಕ್ಕೆ ಕೊಡಲಾರದು.

ಅತ್ಯುನ್ನತ ನ್ಯಾಯಾಲಯದ ತೀರ್ಪನ್ನು ಬೀದಿಯ ಬಲದಿಂದ ತಡೆಯಬಹುದೇ ಎಂದು ಆರ್ಥೊಡಾಕ್ಸ್ ಬಣ ಕೇಳುತ್ತದೆ. ಕೇಳುವುದು ನ್ಯಾಯವೇ. ತಡೆಯಬಾರದು. ಒಂದು ಊರಿನ ಬಹುಪಾಲು ಭಕ್ತರು ತಾತ ಕಟ್ಟಿದ ಚರ್ಚಿನಿಂದ ಹೊರಗೆ ನಿಲ್ಲಬೇಕೇ ಎಂದು ಯಾಕೋಬಾಯರು ಕೇಳುತ್ತಾರೆ. ಅದೂ ನ್ಯಾಯವೇ. ಆದರೆ ತಲೆಯೆಣಿಕೆಯೂ ಸತ್ಯದ ಅಳತೆಗೋಲಲ್ಲ. ಒಂದೂರಿನ ಬಹುಸಂಖ್ಯಾತರು ಪಕ್ಕದೂರಿನಲ್ಲಿ ಅಲ್ಪಸಂಖ್ಯಾತರು. ತೀರ್ಪು ಯಾರ ಪರವಾಗಿಯೇ ಇರಲಿ, ಗೆದ್ದವರು ಸೋತವರಿಗೆ ಪೂಜೆಯ ವೇಳೆ ಬಿಟ್ಟುಕೊಡುವುದನ್ನು ಯಾವ ತೀರ್ಪೂ ತಡೆಯುವುದಿಲ್ಲ.

ಕರ್ನಾಟಕಕ್ಕೆ ಈ ವಿಷಯದಲ್ಲಿ ಹಳೆಯ ನಂಟಿದೆ. ಪೋರ್ಚುಗೀಸ್ ಪದ್ರೊವಾದೋ (ಚರ್ಚುಗಳ ಮೇಲೆ ಪೋರ್ಚುಗೀಸ್ ರಾಜನ ಪೋಷಕತ್ವದ ಹಕ್ಕು) ಮತ್ತು ರೋಮಿನ ಜಗಳದಲ್ಲಿ ಬೇಸತ್ತ ಗೋವಾದ ಪಾದ್ರಿ ಆಲ್ವಾರಿಸ್ 1889ರಲ್ಲಿ ಕೋಟ್ಟಯಂನಲ್ಲಿ ಮಾರ್ ಜೂಲಿಯಸ್ ಎಂಬ ಹೆಸರಿನಲ್ಲಿ ಬಿಷಪ್ಪರಾದರು. ಅಂತಿಯೋಕ್ಯದ ಒಪ್ಪಿಗೆಯೂ ಅದಕ್ಕಿತ್ತು. ಅವರ ಜೊತೆಗೂಡಿದ ಫಾದರ್ ನೊರೊನ್ಹಾ ಬ್ರಹ್ಮಾವರದಲ್ಲಿ ಕಟ್ಟಿ ಬೆಳೆಸಿದ ಕೊಂಕಣಿ ಮಾತಾಡುವ ಸಮುದಾಯ ಇಂದಿಗೂ ಇದೆ. 2010ರಲ್ಲಿ ಬ್ರಹ್ಮಾವರ ಒಂದು ಧರ್ಮಪ್ರಾಂತದ ಕೇಂದ್ರವಾಯಿತು. ಇಂದು ಆ ಸಮುದಾಯ ಆರ್ಥೊಡಾಕ್ಸ್ ಬಣದಲ್ಲಿದೆ ನಿಜ. ಹುಟ್ಟಿದ್ದು ಮಾತ್ರ ಒಡೆಯುವುದಕ್ಕೆ ಮುಂಚಿನ ಸಭೆಯಲ್ಲಿ. ಇನ್ನು ಬೆಂಗಳೂರಿನಲ್ಲಿ ಎರಡೂ ಬಣಗಳ ಚರ್ಚುಗಳಿವೆ. ದುಡಿಮೆಗೆಂದು ಬಂದ ಮಲಯಾಳಿ ಕುಟುಂಬಗಳು ಅಲ್ಲಿನ ಜಗಳವನ್ನು ಇಲ್ಲಿಗೆ ಹೊತ್ತು ತರಬೇಕಾಗಿಲ್ಲ. ಒಟ್ಟಿಗೆ ಕೂರಬಹುದು ಎಂದು ತೋರಿಸಲು ಇಲ್ಲಿನ ಎರಡೂ ಬಣಗಳ ಬಿಷಪ್ಪರಿಗೆ ಊರಿನವರಿಗಿಂತ ಹೆಚ್ಚು ಸ್ವಾತಂತ್ರ್ಯವಿದೆ.

ಆಗಬೇಕಾದ್ದು ಇಷ್ಟು. ಸಮಾಧಿಭೂಮಿ ಯಾವ ಚೌಕಾಸಿಗೂ ಸೇರಬಾರದು. 2020ರ ಕಾನೂನು ಹೇಳುವ ಮುಂಚೆಯೇ ಎರಡೂ ಬಣಗಳ ಬಿಷಪ್ಪರ ಸಿನೊಡುಗಳು ಅದನ್ನು ಸ್ವಂತ ಇಚ್ಛೆಯಿಂದ ಸಾರಬೇಕಿತ್ತು, ಈಗಲಾದರೂ ಸಾರಲಿ. ಚರ್ಚು ಯಾರ ಕೈಯಲ್ಲಿದ್ದರೂ ಅಲ್ಲಿನ ಇನ್ನೊಂದು ಬಣಕ್ಕೆ ಪೂಜೆಯ ಸಮಯ ನಿಗದಿಯಾಗಲಿ. ಯಾಕೋಬಾಯರು ತೀರ್ಪನ್ನು ಒಪ್ಪಿಯೇ ಮಾತಿಗೆ ಕೂರಲಿ. ಆರ್ಥೊಡಾಕ್ಸರು ಪೊಲೀಸ್ ನೆರವು ಕೇಳುವ ಅರ್ಜಿಗಳನ್ನು ಮಾತುಕತೆ ಮುಗಿಯುವವರೆಗೆ ತಡೆಹಿಡಿಯಲಿ. ಒಬ್ಬರು ಕೊಟ್ಟ ಸ್ನಾನದೀಕ್ಷೆ, ಮಾಡಿಸಿದ ಮದುವೆ ಇನ್ನೊಬ್ಬರಿಗೂ ದೇವರ ಮುಂದೆ ನಿಜವೆಂದು ಎರಡೂ ಸಿನೊಡುಗಳು ಲಿಖಿತವಾಗಿ ಹೇಳಲಿ. 1958ರಲ್ಲಿ ಸಾಧ್ಯವಾದದ್ದು ಈಗ ಅಸಾಧ್ಯವಲ್ಲ.

ಸತ್ಯ ನಮ್ಮಲ್ಲಿದೆ ಎಂದು ಸಾಕ್ಷಿ ಹೇಳುವ ಹಕ್ಕು ಎಲ್ಲ ಸಭೆಗೂ ಇದೆ. ನೆರೆಯವನಲ್ಲಿ ಅದು ಇಲ್ಲವೇ ಇಲ್ಲ ಎಂದು ತೀರ್ಪು ಕೊಡುವ ಹಕ್ಕು ಯಾವ ಸಭೆಗೂ ಇಲ್ಲ. ಆ ತೀರ್ಪನ್ನು ಜಿಲ್ಲಾಧಿಕಾರಿಯ ಕೈಯಲ್ಲಿ ಜಾರಿ ಮಾಡಿಸಲು ಹೊರಟ ಸಭೆ, ಚರ್ಚಿನ ಕೀಲಿಕೈ ಗೆದ್ದರೂ ತನ್ನ ಮಾತಿನ ಮೇಲಿನ ನಂಬಿಕೆಯನ್ನು ಕಳೆದುಕೊಳ್ಳುತ್ತದೆ. ಎರಡೂ ಸಿನೊಡುಗಳು ಮುಂದಿನ ಕೋರ್ಟು ದಿನಾಂಕಕ್ಕೆ ಮುಂಚೆ ಒಂದೇ ಮೇಜಿಗೆ ಬರಲಿ.